ಕಿವಿಯ ಪಾಲು

ಎರಡನೇ ಮಹಡಿ, ಜೆರಾಕ್ಸ್ ಅಂಗಡಿಯ ಪಕ್ಕದ ಕೋಣೆ.
ಬಾಗಿಲ ಮೇಲೆ ‘ತಂತ್ರಜ್ಞಾನ ವರ್ಗಾವಣೆ’ ಅಂತ ಬೋರ್ಡು.
ಕೊನೆಯ ಪದವನ್ನಷ್ಟೇ ಓದಿ
ಈಗಲೂ ಗುಮಾಸ್ತರು ಅರ್ಜಿ ಹಿಡಿದು ಬರುತ್ತಾರೆ,
ಮೈಸೂರಿಗೆ ಹಾಕಿಸಿಕೊಡಿ ಸಾರ್, ಅಂತ.

ನಾನು ಹಾಕಿಸಿಕೊಡುವುದು ಬೇರೆ:
ಲ್ಯಾಬಿನಿಂದ ಪೇಟೆಗೆ.
ಹನ್ನೊಂದು ವರ್ಷ, ನಲವತ್ತಾರು ಫೈಲು.
ಪೇಟೆ ಮುಟ್ಟಿದ್ದು ಮೂರು,
ಮುಟ್ಟಿ ಬದುಕಿದ್ದು ಒಂದು.
ಅದು ದೋಸೆಕಾವಲಿಗೆ ಬಳಿಯುವ ಲೇಪ;
ಕಂಡುಹಿಡಿದವರು ರಾಕೆಟ್ಟಿಗೆಂದು ಮಾಡಿದ್ದರು,
ಈಗಲೂ ನನ್ನೊಡನೆ ಮಾತಾಡುವುದಿಲ್ಲ.

ಚಿತ್ಕಳಾ ಬಂದದ್ದು ಆಷಾಢದ ಒಂದು ಮಧ್ಯಾಹ್ನ,
ಸುಣ್ಣದ ಡಬ್ಬಿಯಷ್ಟು ಪುಟ್ಟ ಪೆಟ್ಟಿಗೆ ಹಿಡಿದು.
‘ಮೋಟಾರಿನ ಮೈಗೆ ಇದನ್ನು ಅಂಟಿಸಿ, ಸಾರ್.
ಬೇರಿಂಗ್ ಸಾಯುವ ಹತ್ತು ದಿನ ಮೊದಲೇ ಹೇಳುತ್ತೆ.’
ಪ್ರಬಂಧ ಆರು, ಪದಕ ಎರಡು.
‘ಕೊಳ್ಳುವವರು ಯಾರು?’ ಅಂದೆ.
ಈ ಪ್ರಶ್ನೆಗೆ ಎಲ್ಲರೂ ಕಿಟಕಿಯಾಚೆ ನೋಡುತ್ತಾರೆ.
ಅಲ್ಲೊಂದು ಹೊಂಗೆಮರ.
ಅದಕ್ಕೂ ಗೊತ್ತಿಲ್ಲ.

ಹಸಿರು ಗೆರೆಯ ಮೆಟ್ರೋ ಹತ್ತಿ ಪೀಣ್ಯಕ್ಕೆ ಹೋದೆವು.
ಎಣ್ಣೆ ಕುಡಿದ ರಸ್ತೆ, ಕಬ್ಬಿಣದ ಸುರುಳಿ ಸಿಪ್ಪೆ,
ಶೆಡ್ಡಿನಿಂದ ಶೆಡ್ಡಿಗೆ ಒಂದೇ ಮಾತು.
‘ಮೋಟಾರು ಸುಟ್ಟರೆ ಸುತ್ತಿಸೋಕೆ ಎರಡು ಸಾವಿರ.
ನಿಮ್ಮ ಡಬ್ಬಿಗೆ ನಾಲ್ಕಾ? ಟೀ ಕುಡೀರಿ.’
ಕುಡಿದೆವು. ಒಂಬತ್ತು ಟೀ.

ಹತ್ತನೆಯ ಶೆಡ್ಡಿಗೆ ಅವಳು
ತವರಿಗೆ ಹೊಕ್ಕಂತೆ, ಕೇಳದೆ ಹೊಕ್ಕಳು.
ಏಳುಮಲೈ, ಲೇತು ಮತ್ತು ರೀವೈಂಡಿಂಗ್.
ಓಡುವ ಮೋಟಾರಿಗೆ ಸ್ಕ್ರೂಡ್ರೈವರಿನ ತುದಿಯಿಟ್ಟು
ಹಿಡಿಯನ್ನು ಕಿವಿಗೊತ್ತಿ ಕಣ್ಣು ಮುಚ್ಚಿದ.
‘ಬರೋ ಗುರುವಾರದವರೆಗೂ ತಾಳುತ್ತೆ.’
ಅವಳ ಪೆಟ್ಟಿಗೆ ಅರ್ಧ ಗಂಟೆ ಲೆಕ್ಕ ಹಾಕಿ
ಗುರುವಾರ ಅಂದಿತು.

‘ಎರಡು ವರ್ಷ, ಶನಿವಾರ ಶನಿವಾರ
ಇದೇ ಸ್ಟೂಲಿನ ಮೇಲೆ ಕೂತಿದ್ದೆ.
ಇದು ಕೆಮ್ಮು, ಇದು ಗೂರಲು,
ಇದು ಬರೀ ಹಟ ಅಂತ ಇವರು ಹೇಳಿದರು,
ನಾನು ಗುರುತು ಹಾಕಿದೆ.
ಆ ಗುರುತುಗಳಿಂದಲೇ ಯಂತ್ರ ಕಲಿತಿದ್ದು.’

ಅರ್ಜಿಯ ಏಳನೇ ಕಾಲಂ: ಆವಿಷ್ಕಾರಕರ ಹೆಸರು.
ಸಂಬಳದ ಪಟ್ಟಿಯಲ್ಲಿರುವವರು, ಇಲ್ಲವೇ ವಿದ್ಯಾರ್ಥಿಗಳು.
‘ಕೊನೆಯಲ್ಲೊಂದು ವಂದನಾರ್ಪಣೆ ಹಾಕೋಣ’ ಅಂದೆ.
‘ವಂದನೆಯನ್ನು ಯಾವ ಬ್ಯಾಂಕು ತಗೊಳ್ಳುತ್ತೆ?’ ಅಂದಳು.
ವಕೀಲರು ಫೋನಿನಲ್ಲಿ ನಕ್ಕರು:
‘ಕೇಳಿಸಿಕೊಳ್ಳೋದು ಆವಿಷ್ಕಾರ ಅಲ್ಲ, ಸ್ವಾಮಿ.’
ಆ ರಾತ್ರಿ ಹಳೆಯ ನಲವತ್ತಾರು ಫೈಲು ತೆಗೆದು
ಒಂದೊಂದರ ಏಳನೇ ಕಾಲಂ ನೋಡಿದೆ.
ಅಟ್ಟ ಕಾಣುತ್ತಿತ್ತು.
ಏಣಿ ಎಲ್ಲಿಟ್ಟಿದ್ದೆವೋ ನೆನಪಾಗಲಿಲ್ಲ.

ಅವಳು ತನ್ನ ಪಾಲಿನಲ್ಲಿ ಕಾಲು ಭಾಗ ಕೊಟ್ಟಳು.
ಸಹಿ ಹಾಕಲು ಬಂದ ಏಳುಮಲೈ
ಇಸ್ತ್ರಿ ಮಾಡಿದ ಅಂಗಿ, ಉಗುರಿನಲ್ಲಿ ಗ್ರೀಸು,
ಕುರ್ಚಿಯ ತುದಿಯಲ್ಲಿ ಕೂತು ಕೇಳಿದ:
‘ಪಾಲು ಅಂದ್ರೆ, ನಷ್ಟದಲ್ಲೂನಾ?’
ಹನ್ನೊಂದು ವರ್ಷದಲ್ಲಿ ಯಾವ ಡಾಕ್ಟರೇಟೂ
ನನ್ನನ್ನು ಇದು ಕೇಳಿರಲಿಲ್ಲ.
ಹೌದು ಅಂದೆ.
ಅವನು ತಲೆಯೆತ್ತಿ, ಬಹಳ ಹೊತ್ತು, ಸುಮ್ಮನಿದ್ದ.
ಯೋಚಿಸುತ್ತಿದ್ದಾನೆ ಅಂದುಕೊಂಡೆ.

‘ಆ ಫ್ಯಾನು ಇಳಿಸಿಬಿಡಿ ಸಾರ್,
ಇನ್ನೊಂದು ವಾರ ಇಲ್ಲ.’

ನಾನು ಇಷ್ಟು ದಿನ ಮೌನ ಅಂದುಕೊಂಡಿದ್ದು
ಅದರ ಸದ್ದನ್ನೇ.

ಆರನೆಯ ದಿನ ನಿಂತಿತು.
ಬೆವರುತ್ತಾ ಕೂತು ಏಳನೇ ಕಾಲಮಿನಲ್ಲಿ
ಎರಡನೇ ಹೆಸರು ಬರೆದೆ. ತಿರಸ್ಕಾರವಾದೀತು, ಬರೆದೆ.
‘ಸಂಸ್ಥೆ’ ಎಂಬಲ್ಲಿ ಪೆನ್ನು ತಡೆಯಿತು.
ಫೋನು ಮಾಡಿದರೆ ಲೇತಿನ ಗದ್ದಲದೊಳಗಿಂದ
ಅವನು ಕೂಗಿ ಹೇಳಿದ:
ಪೀಣ್ಯ, ಎರಡನೇ ಹಂತ,
ಗಣೇಶನ ಗುಡಿ ಹಿಂದೆ.