ಹೆಲ್ಮೆಟ್ಟುಗಳ ಲೆಕ್ಕ

ಕೂತೇ ಹೇಳುತ್ತೇನೆ ದೋನ್ ಫಾಬಿಯಾನ್,
ನಿಂತರೆ ಮಂಡಿ ನೋಯುತ್ತದೆ,
ಇಷ್ಟು ಎತ್ತರದಲ್ಲಿ ಮಂಡಿಗೂ ಉಸಿರು ಸಾಲದು.
ಸಭೆಗೆ ನನ್ನನ್ನು ಕರೆದಿರಲಿಲ್ಲ, ಗೊತ್ತು.
ಚಹಾ ಕೊಡಲು ಬಂದವಳು. ಕೆಟಲು ಅಗೋ ಅಲ್ಲಿದೆ,
ಬೇಕಾದವರು ಬಗ್ಗಿಸಿಕೊಳ್ಳಿ.

ಹನ್ನೊಂದು ವರ್ಷ ಈ ಗಣಿಯ ಬಾಯಲ್ಲಿ ಕಾವಲು.
ತಗಡಿನ ಒಂದು ಕೋಣೆ, ಎರಡು ನಾಯಿ,
ನಿಮ್ಮ ಡ್ರಿಲ್ಲು, ಬತ್ತಿ, ಬೂಟು, ಹದಿನಾಲ್ಕು ಹೆಲ್ಮೆಟ್ಟು.
ಕಳ್ಳರು ಬಂದರೆ ನಾಯಿ ಬೊಗಳಬೇಕು,
ನಾಯಿ ಸತ್ತರೆ ನಾನು.
ಹೋದ ಚಳಿಗಾಲ ಒಂದು ಡ್ರಿಲ್ಲು ಕಳುವಾಗಿ
ಏಳು ತಿಂಗಳು ನನ್ನ ಕೂಲಿಯಲ್ಲಿ ಮುರಿದುಕೊಂಡಿರಿ.
ಬೆಟ್ಟದ ಆಚೆ ಮಗ್ಗುಲಿನ ಕಾವಲಿಗೆ ಬಾಸಿಲಿಯೊ,
ಕುಡಿದು ಮಲಗುತ್ತಾನೆ,
ಅವನಿಗೆ ನನ್ನ ಎರಡರಷ್ಟು.
ಯಾಕೆಂದು ಕೇಳಿದರೆ, ಅವನಿಗೆ ಸಂಸಾರವಿದೆ, ಅಂದಿರಿ.
ನನ್ನ ಮೂರು ಮಕ್ಕಳೇನು, ಆ ನಾಯಿಗಳ ಮರಿಗಳೇ?

ಹೆಣ್ಣು ಒಳಗೆ ಕಾಲಿಟ್ಟರೆ
ಅದಿರು ಮುಖ ಮರೆಸಿಕೊಳ್ಳುತ್ತದಂತೆ.
ಒಳಗೆ ಕೊಂಬಿನವನು ಕೂತಿದ್ದಾನೆ, ಮಣ್ಣಿನ ಮೈ, ಗಾಜಿನ ಕಣ್ಣು.
ಅವನಿಗೆ ಸಿಗರೇಟು ಹಚ್ಚಿಡುತ್ತೀರಿ, ಕೋಕಾ ಎಲೆ ಸುರಿಯುತ್ತೀರಿ,
ಮಾವ ಎನ್ನುತ್ತೀರಿ.
ಮಾವನಿದ್ದಲ್ಲಿ ಸೊಸೆ ತಲೆಹಾಕಬಾರದು, ಸರಿಯೇ.
ಆದರೆ ಬೆಟ್ಟವನ್ನು ತಾಯಿ ಎನ್ನುವವರೂ ನೀವೇ ಅಲ್ಲವೇ?
ಆಗಸ್ಟಿನಲ್ಲಿ ಅವಳ ಹೊಸ್ತಿಲಿಗೆ ಲಾಮಾದ ನೆತ್ತರು ಬಳಿಯುವವರು?
ಹೊಟ್ಟೆಯೊಳಗೆ ಮದ್ದಿಟ್ಟು ಸಿಡಿಸಿದಾಗ ಬಾರದ ಮುನಿಸು
ಮಗಳು ಹೊಕ್ಕರೆ ಬಂದೀತೇ?

ಹಾಗಿದ್ದರೆ ಇದನ್ನೂ ಬರೆದುಕೊಳ್ಳಿ, ಪೆನ್ನು ಕೈಯಲ್ಲೇ ಇದೆ.
ಎದೆ ತುಂಬ ಕಲ್ಲಿನ ಧೂಳು ಹೊತ್ತು ಹಿಲಾರಿಯೋನ್ ಸತ್ತಾಗ
ಶವಪೆಟ್ಟಿಗೆ ಕೊಟ್ಟಿರಿ.
ಅವನ ಪಾಲನ್ನು ಮೈದುನ ಕ್ಲೆಮೆಂತೆಗೆ ಕೊಟ್ಟಿರಿ.
ನನಗೆ ಬೀಗದ ಕೈ.
ಏಳು ವರ್ಷ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಹೊರಗೇ ಕೂತೆ.
ಆಮೇಲೆ ಒಂದು ಶನಿವಾರ, ನೀವೆಲ್ಲ ಪೇಟೆಯಲ್ಲಿ ಕುಡಿಯುವಾಗ,
ನಾನೂ ಮಗಳು ಎರ್ಲಿಂಡಾಳೂ ಒಳಗೆ ಹೋದೆವು.
ಮೊದಲ ರಾತ್ರಿ ಹೆದರಿ ಉಚ್ಚೆ ಹೊಯ್ದುಕೊಂಡಳು.
ಎರಡನೆಯ ರಾತ್ರಿ ಮಾವನ ಬಾಯಿಗೆ ನಾನೇ ಸಿಗರೇಟಿಟ್ಟೆ.
ಸೇದಿದ.
ಹೆಂಗಸಿನ ಕೈಯದೆಂದು ಉಗುಳಲಿಲ್ಲ.

ಮೂರನೆಯ ಕವಲಿನ ಎಡಕ್ಕೆ, ನೀರು ತೊಟ್ಟಿಕ್ಕುವಲ್ಲಿ,
ಹಿಲಾರಿಯೋನ್ ನಿದ್ದೆಗಣ್ಣಲ್ಲಿ ಗೊಣಗುತ್ತಿದ್ದ ಜಾಗ.
ನಾಲ್ಕು ವರ್ಷ ಅಗೆದೆವು.
ಮಾರ್ಚಿನಲ್ಲಿ ತವರದ ಗಟ್ಟಿಯೊಂದನ್ನು ಬೆಳಕಿಗೆ ಹಿಡಿದು
ಗಂಡಸಿನ ಕೆಲಸ ಅಂದರೆ ಇದು ಎಂದು
ಕ್ಲೆಮೆಂತೆಯ ಬೆನ್ನು ತಟ್ಟಿದಿರಿ, ನೆನಪಿದೆಯೇ?
ಅದು ಎರ್ಲಿಂಡಾಳ ಬೆನ್ನ ಮೇಲೆ ಹೊರಬಂದದ್ದು.
ತಲೆ ತಗ್ಗಿಸಬೇಡ ಕ್ಲೆಮೆಂತೆ,
ಅರ್ಧ ತೆಗೆದುಕೊಂಡೆ, ನಿನ್ನ ಹೆಸರಿನ ಬಾಡಿಗೆ.
ಹೆಣ್ಣಿಗೆ ತವರಿನಲ್ಲೂ ಪಾಲಿಲ್ಲ, ತವರದಲ್ಲೂ ಇಲ್ಲ.

ಅದಿರು ಮಾಯವಾಗಲಿಲ್ಲ ದೋನ್ ಫಾಬಿಯಾನ್.
ಮಾಯವಾಗುತ್ತಿದ್ದವರು ನಾವು,
ಪ್ರತಿ ಭಾನುವಾರ, ಬೆಳಕು ಹರಿಯುವುದರೊಳಗೆ.

ನಾನು ಸತುರ್ನಿನಾ ಕೋಲ್ಕೆ.
ಕೋಲ್ಕೆ ಎಂದರೆ ನಮ್ಮಜ್ಜಿಯ ಮಾತಿನಲ್ಲಿ ಬೆಳ್ಳಿ.
ನಿಮ್ಮ ಪುಸ್ತಕದಲ್ಲಿ ಕ್ಲೆಮೆಂತೆಯ ಹೆಸರಿನ ಕೆಳಗೆ
ಎರಡು ಗೆರೆ ಖಾಲಿ ಇದೆ, ಕಸ ಗುಡಿಸುವಾಗ ನೋಡಿದ್ದೇನೆ.
ಮೇಲೆ ಬೇಡ, ಕೆಳಗೇ ಬರೆಯಿರಿ.
ಆದರೆ ಕೂಲಿಯ ಕಾಲಮ್ಮಿನಲ್ಲಿ ಅದೇ ಅಂಕಿ.

ನಗುತ್ತಿದ್ದೀರಿ. ಚಹಾ ಆರುತ್ತಿದೆ.
ದಿನದ ಲೆಕ್ಕ ಒಪ್ಪಿಸಿ ಏಳುತ್ತೇನೆ:
ಡ್ರಿಲ್ಲು ಎರಡು. ಬತ್ತಿ ಮೂರು ಸುರುಳಿ.
ಬೂಟು ಎಲ್ಲ ಇವೆ, ಒಂದು ಜೊತೆ ಬಿಟ್ಟು.
ಹೆಲ್ಮೆಟ್ಟು ಹದಿಮೂರು.

ಕಳುವಾಗಿಲ್ಲ.
ಹದಿನಾಲ್ಕನೆಯದನ್ನು ಎರ್ಲಿಂಡಾ ತಲೆಗಿಟ್ಟುಕೊಂಡು
ಇವತ್ತು, ಬುಧವಾರ, ಹಗಲು ಹತ್ತು ಗಂಟೆಗೆ,
ಒಳಗೆ ಹೋಗಿದ್ದಾಳೆ.
ನಾಯಿಗಳು ಬೊಗಳಲಿಲ್ಲ.

ಮುರಿದುಕೊಳ್ಳುವುದಿದ್ದರೆ ಮುರಿದುಕೊಳ್ಳಿ.