ಅವರೆ ಹಿತಕುವ ರಾತ್ರಿ

ಕೂತ್ಕೋ ಜೆಮೀಮ. ಮದುವೆ ಹೆಣ್ಣು ಕೆಲಸ ಮುಟ್ಟಬಾರದು ಅಂತ
ಯಾರೋ ಅಂದರು, ಅನ್ನಲಿ.
ಅವರೆ ನೆನೆದು ಉಬ್ಬಿದೆ ಬೋಸಿ ತುಂಬ,
ನಾಳೆ ಮುನ್ನೂರು ಎಲೆ.
ಹೆಬ್ಬೆರಳು, ತೋರುಬೆರಳು, ಅಷ್ಟೇ ಸಾಕು.
ಮೆತ್ತಗೆ ಒತ್ತು, ಬೇಳೆ ತಾನೇ ಜಾರುತ್ತೆ.
ಸಿಟ್ಟಲ್ಲಿ ಒತ್ತಿದರೆ ಹಾರಿ ಗೋಡೆಗೆ ಬಡಿಯುತ್ತೆ.

ಪಾಸ್ಟರಯ್ಯ ನಾಳೆ ಹೇಳೋದು ನನಗೆ ಬಾಯಿಪಾಠ:
ಕ್ರಿಸ್ತನ ಪ್ರೀತಿಯೇ ಅಡಿಪಾಯ, ಅದರ ಮೇಲೆ ಸಂಸಾರ.
ಮೂವತ್ತೊಂದು ವರ್ಷದ ಹಿಂದೆ ನನಗೂ ಹೇಳಿದ್ದರು.
ನಾನು ಕಟ್ಟಿಕೊಂಡಿದ್ದು ಕಲ್ಲುಕೆಲಸದವರನ್ನ.
ಅಡಿಪಾಯ ಅಂದರೆ ನನಗೆ ಮಾತಲ್ಲ,
ಸೊಂಟದುದ್ದ ಗುಂಡಿ,
ಅದರಲ್ಲಿ ಬಗ್ಗಿ ನಿಂತ ನಿಮ್ಮ ದೊಡ್ಡಪ್ಪ,
ಬನಿಯನ್ನಿನ ಮೇಲೆ ಒಣಗಿದ ಉಪ್ಪು.

ಹೆಸರು ನೋಡು, ಸಮಾಧಾನಪ್ಪ!

ಬಂಗಾರಪೇಟೆ ರಸ್ತೆಯಲ್ಲಿ ಇಪ್ಪತ್ತು ಮೂವತ್ತರ ಸೈಟು.
ನಾವೇ ತೋಡಿ ನಾವೇ ಕಲ್ಲು ತುಂಬಿದ ಪಾಯ.
ಗೋಡೆ ಏಳಿಸೋಕೆ, ಮಾಲೂರಿನ ಇಟ್ಟಿಗೆಗೆ,
ಹೂ ಕಟ್ಟಿ, ಹಾಲು ಹಾಕಿ, ಬಳೆ ಅಡದಲ್ಲೇ ಬಿಟ್ಟು
ಹನ್ನೊಂದು ಸಾವಿರ ಕೂಡಿಟ್ಟಿದ್ದೆ
ರಾಗಿ ಗುಡಾಣದ ತಳದಲ್ಲಿ.

ಆ ವಾರ ಕ್ವಾರಿಯಲ್ಲಿ ಮುನಿಶಾಮಿ ಮೇಲೆ ಬಂಡೆ ಜಾರಿತು.
ಹೆಂಡತಿ, ಎರಡು ಮಕ್ಕಳು, ಒಂದು ಇನ್ನೂ ತೊಟ್ಟಿಲಲ್ಲಿ.
ಇವರು ಯಾರನ್ನೂ ಕೇಳಲಿಲ್ಲ.
ಹನ್ನೊಂದು ಸಾವಿರವನ್ನೂ ಟವೆಲಿನಲ್ಲಿ ಕಟ್ಟಿ
ಅವಳ ಮಡಿಲಿಗೆ ಹಾಕಿ ಬಂದರು.
ನನಗೆ ತಿಳಿದದ್ದು ಭಾನುವಾರ, ಚರ್ಚಿನಲ್ಲಿ,
ಪಾಸ್ಟರಯ್ಯ ಇವರ ಹೆಸರೆತ್ತಿ ಹೊಗಳಿದಾಗ.
ಎಲ್ಲರೂ ತಿರುಗಿ ನನ್ನ ಮುಖ ನೋಡಿದರು.
ನಕ್ಕೆ.
ಹೆಂಗಸು ಎಂಥ ನಗು ನಗಬಲ್ಲಳು ಅಂತ
ನಿನಗಿನ್ನೂ ಗೊತ್ತಿಲ್ಲ.

ನಲವತ್ತು ದಿನ. ಮುದ್ದೆ ಇಟ್ಟೆ, ಸಾರು ಬಿಟ್ಟೆ, ಮಾತು ಬಿಟ್ಟೆ.
ಮಳೆ ಬಂದು ಪಾಯದಲ್ಲಿ ನೀರು ನಿಂತಿತು,
ಕಪ್ಪೆಗಳು ಸಂಸಾರ ಹೂಡಿದವು ನಮಗಿಂತ ಮೊದಲು.
ಕೊನೆಗೊಂದು ರಾತ್ರಿ, ಕತ್ತಲಿಗೆ ಹೇಳಿದ ಹಾಗೆ, ಹೇಳಿದೆ:
ಎರಡಂಗಿ ಇದ್ದವನು ಒಂದು ಕೊಡಬೇಕು, ಒಪ್ಪಿದೆ.
ನೀವು ಕೊಟ್ಟಿದ್ದು ನನ್ನ ರವಿಕೆ.
ಕೇಳಿದ್ದರೆ ನಾನೇ ಒಗೆದು ಮಡಿಚಿ ಕೊಡ್ತಿದ್ದೆ.
ನೆರೆಯವರನ್ನ ಪ್ರೀತಿಸಬೇಕು ಅಂತ ಊರೆಲ್ಲ ತಿರುಗ್ತೀರಿ,
ಒಂದೇ ಚಾಪೆಯಲ್ಲಿ, ಗೇಣು ದೂರದಲ್ಲಿ ಮಲಗಿದೋಳು
ಯಾರಿಗೆ ನೆರೆ?

ಏನೂ ಅನ್ನಲಿಲ್ಲ. ಎದ್ದು ಹೋದರು.
ಬೆಳಗಿನ ಜಾವ ಹುಡುಕಿಕೊಂಡು ಹೋದರೆ
ಪಾಯದೊಳಗೆ ನಿಂತು ಬಕೆಟಿನಲ್ಲಿ ನೀರು ಎತ್ತಿ ಚೆಲ್ಲುತ್ತಿದ್ದಾರೆ,
ಬೆಟ್ಟದ ಹಿಂದೆ ಇನ್ನೂ ಬೆಳಕಿಲ್ಲ.
ನಾನೂ ಸೀರೆ ಎತ್ತಿ ಕಟ್ಟಿ ಇಳಿದೆ.
ಆ ಕೆಸರಲ್ಲಿ ಅಂದರು, ತಪ್ಪಾಯ್ತು.
ಕೊಟ್ಟಿದ್ದಕ್ಕಲ್ಲ, ಕೇಳದೆ ಕೊಟ್ಟಿದ್ದಕ್ಕೆ.
ನಾನೂ ಒಂದು ಹೇಳೋದಿತ್ತು ಕಣೇ:
ನಲವತ್ತು ದಿನ ಆ ಮುನಿಶಾಮಿ ಮಕ್ಕಳು ಎದುರು ಸಿಕ್ಕಾಗೆಲ್ಲ
ನನ್ನ ಕಣ್ಣು ಇಟ್ಟಿಗೆ ಎಣಿಸುತ್ತಿತ್ತು.
ಹೇಳಿದೆ.
ಒಂದು ಕಪ್ಪೆ ನಮ್ಮಿಬ್ಬರ ನಡುವೆ ಕೂತು ಕೇಳಿತು.

ಗೋಡೆ ಏಳೋಕೆ ಇನ್ನೂ ಆರು ವರ್ಷ ಹಿಡಿಯಿತು.
ಈಗ ಬಾಗಿಲಿಗೆ ಬಂದವರಿಗೆ ಪಾವು ರಾಗಿ ಹಾಕೋಕೂ
ಬಚ್ಚಲ ಬಾಗಿಲು ತಟ್ಟಿ ಕೇಳ್ತಾರೆ, ಹಾಕಲಾ ಕೃಪಾವತಿ, ಅಂತ.
ಕೇಳಿ ಕೇಳಿ ಪ್ರಾಣ ತಿಂತಾರೆ.

ಸಾಕು, ಏಳು. ನಿದ್ದೆಗೆಟ್ಟ ಮುಖ ಫೋಟೋದಲ್ಲಿ ಚೆನ್ನಾಗಿರಲ್ಲ.
ಸೋಪು ಹಾಕಿ ತೊಳೆದರೂ ಅವರೆ ಸೊಗಡು ಹೋಗಲ್ಲ, ತಿಕ್ಕಬೇಡ.
ನಾಳೆ ಅವನ ಕೈಯಲ್ಲಿ ನಿನ್ನ ಕೈ ಇಡ್ತಾರಲ್ಲ,
ಅವನಿಗೂ ಹತ್ತುತ್ತೆ. ಹತ್ತಲಿ.

ಬೋಸಿ ಈ ಕಡೆ ತಳ್ಳು, ಇನ್ನೂ ಅರ್ಧ ಇದೆ.
ಹೋಗ್ತಾ ನೋಡು,
ನಿಮ್ಮ ದೊಡ್ಡಪ್ಪ ಎದ್ದಿದ್ದರೆ ಕಳಿಸು.