ಜನವರಿ ಒಂದು

ಅಜ್ಜಿ ಹೇಳುತ್ತಿದ್ದದ್ದು ಇಷ್ಟೇ:
ಪಿಂಗಾಲ ದೊರೆಯ ಲಾಯಕ್ಕೆ ತಾರಸಿ ಹಾಕುತ್ತಿದ್ದ ವರ್ಷ,
ಬಿಳಿಗಾಲಿನ ಕುದುರೆ ಈದ ರಾತ್ರಿ
ನಾನು ಹುಟ್ಟಿದ್ದು.

ಆಧಾರ್ ಕ್ಯಾಂಪಿನ ಹುಡುಗ
ಕೀಲಿಮಣೆಯ ಮೇಲೆ ಬೆರಳಿಟ್ಟು ತಾರೀಕಿಗೆ ಕಾದ.
ತಾರಸಿಗೆ, ಕುದುರೆಗೆ, ರಾತ್ರಿಗೆ
ಅವನ ಪರದೆಯಲ್ಲಿ ಚೌಕವಿರಲಿಲ್ಲ.
ಗೊತ್ತಿಲ್ಲದವರಿಗೆಲ್ಲ ಇದೇ ಹಾಕೋದು ಅಂದು
ಜನವರಿ ಒಂದು ಎಂದು ಒತ್ತಿದ.
ಹೆಸರು: ಮುನಿನಂಜಮ್ಮ. ವರ್ಷ: ಅಂದಾಜು.

ಹೆಬ್ಬಾಳದ ಕೆರೆ ದಾಟಿ ಇನ್ನೂ ಎರಡು ಹರದಾರಿ.
ರಾಗಿ ಬೆಳೆಯುತ್ತಿದ್ದ ಕೆಂಪು ನೆಲದಲ್ಲಿ
ಸೀಮೆಯಿಂದ ಹಡಗೇರಿ ಬಂದ ಕುದುರೆಗಳಿಗೆ ಲಾಯ.
ಮೂಲೆಮಟ್ಟ ಹಿಡಿದು ಹಿಡಿದು
ಕೈಯೇ ಚೌಕವಾಗಿದ್ದ ಪಿಳ್ಳಾಂಜಿನಪ್ಪ ಮೇಸ್ತ್ರಿಗೆ
ದೊರೆ ಅಂದನಂತೆ: ಮೂಲೆ ಬೇಡ. ಒಂದೂ ಬೇಡ.
ಎಳೆ ಮರಿ ಎದ್ದು ನಿಲ್ಲುವಾಗ ಬೀಳುತ್ತದೆ,
ತಲೆಗೆ ತಾಗಬಾರದು.

ಮೇಸ್ತ್ರಿ ಎರಡು ದಿನ ಕರಣೆ ಮುಟ್ಟಲಿಲ್ಲ.
ಮೂಲೆಯಿಲ್ಲದ ಮೇಲೆ ಈಶಾನ್ಯ ಎಲ್ಲಿ,
ದೀಪ ಎಲ್ಲಿಡೋದು?
ಮೂರನೆಯ ದಿನ ಮನೆಯಿಂದ ನೀರಿನ ಗಡಿಗೆ ಹೊತ್ತು ತಂದ,
ಅದರ ಹೊಟ್ಟೆಯನ್ನು ಹಸಿ ಗಾರೆಗೆ ಒತ್ತಿ ತಿರುಗಿಸಿದ.
ಮೂಲೆ ಉರುಟಾಯಿತು.
ಹೆಂಡತಿ ಒಂದು ವಾರ ಮಾತು ಬಿಟ್ಟಳು, ಗಡಿಗೆಗಾಗಿ.

ಆ ಹೆಂಡತಿ, ಚನ್ನಿಗಮ್ಮ, ತಾರಸಿಯ ಮೇಲಿದ್ದಳು.
ಸಾಲಾಗಿ ಕುಕ್ಕರಗಾಲಲ್ಲಿ ಕೂತ ಹೆಂಗಸರು,
ಕೈಯಲ್ಲಿ ಮರದ ಪಟ್ಟಿ,
ಸುಣ್ಣಕ್ಕೆ ಬೆಲ್ಲದ ನೀರು, ಅಳಲೆಕಾಯಿ ಕಷಾಯ,
ಮೂರು ಹಗಲು ಬಿಡದೆ ಬಡಿಯಬೇಕು,
ಬೆರಳಲ್ಲಿ ಒತ್ತಿದರೆ ಗುರುತು ಬೀಳದಷ್ಟು.
ತುಂಬಿದ ತಿಂಗಳು. ಕೂಲಿ ಎರಡಾಣೆ.
ಬೆಲ್ಲವನ್ನು ಗುಮಾಸ್ತ ತೂಕ ಹಾಕಿ ಕೊಡುತ್ತಿದ್ದ,
ಯಾರೂ ನೆಕ್ಕದ ಹಾಗೆ
ಮೊದಲೇ ಸುಣ್ಣಕ್ಕೆ ಕಲಸಿ.

ಮೂರನೆಯ ಸಂಜೆ ಅವಳ ಪಟ್ಟಿ ತಾಳ ತಪ್ಪಿತು.
ಕೆಳಗೆ ಕುದುರೆಯೂ ಬೆವರುತ್ತಿತ್ತು.
ಏಣಿ ಇಳಿಸಿ ಪಕ್ಕದ ಖಾಲಿ ಅಂಕಣದಲ್ಲಿ ಮಲಗಿಸಿದರು,
ದೊರೆಯ ಹುಲ್ಲಿನ ಮೇಲೆ, ಅವನಿಗೆ ಗೊತ್ತಾಗದೆ.
ಸಯಿಸ್ ಮಸ್ತಾನ್ ಸಾಬಿ ಈ ಕಡೆ ಕುದುರೆಯ ಹತ್ತಿರ,
ಅವನ ಹೆಂಡತಿ ಹುಸೇನ್‌ಬಿ ಆ ಕಡೆ.
ಇದ್ದದ್ದು ಒಂದೇ ಲಾಂದ್ರ.
ಮೋಟುಗೋಡೆಯ ಮೇಲಿಂದ ಅತ್ತ, ಇತ್ತ,
ಮತ್ತೆ ಅತ್ತ.

ನಾನು ಟೈಲ್ಸ್ ಹಾಕುವವನು.
ಹೋದ ವರ್ಷ ರಿಚ್ಮಂಡ್ ಟೌನಿನ ಹಳೇ ಬಂಗಲೆಯೊಂದರಲ್ಲಿ
ನೆಲ ಕೀಳುವ ಮುಂಚೆ ಕಪಾಟು ಸರಿಸುತ್ತಿದ್ದೆ.
ಚರ್ಮದ ರಟ್ಟಿನ ರಿಜಿಸ್ಟರು, ಅಂಚು ಗೆದ್ದಲು ತಿಂದದ್ದು.
ಮನೆಯೊಡತಿ, ಎಂಬತ್ತು ದಾಟಿದ ಮಿಸ್ಸಮ್ಮ, ಓದಿ ಹೇಳಿದರು:
ತಂದೆ ಕುದುರೆ, ತಾಯಿ ಕುದುರೆ, ತಾಯಿಯ ತಾಯಿ,
ಏಳು ತಲೆಮಾರು.
ಹೆಣ್ಣು ಮರಿ. ಕೆಂಚು. ಎಡ ಹಿಂಗಾಲು ತಾಯಿಯಂತೆ ಬಿಳಿ.
ಮಾರ್ಚ್ ಒಂಬತ್ತು, ರಾತ್ರಿ ಎರಡೂ ನಲವತ್ತು.
ಕೆಳಗೆ ಸಣ್ಣಕ್ಷರದಲ್ಲಿ ಖರ್ಚು:
ಲಾಂದ್ರದ ಎಣ್ಣೆ, ಎಂದಿಗಿಂತ ಅರ್ಧ ಸೇರು ಹೆಚ್ಚು,
ಕಾರಣ ತಿಳಿಯದು.

ಆ ಅರ್ಧ ಸೇರು ನಮ್ಮಜ್ಜಿ ಅಂದೆ.
ಮಿಸ್ಸಮ್ಮನಿಗೆ ಅರ್ಥವಾಗಲಿಲ್ಲ. ಕನ್ನಡಕ ಒರೆಸಿಕೊಂಡು ಅಂದರು:
ಆದರೆ ಈ ತಾರೀಕು ಲೆಕ್ಕಕ್ಕಿಲ್ಲ ಕಣಪ್ಪಾ,
ರೇಸಿನ ಕುದುರೆ ಯಾವತ್ತೇ ಹುಟ್ಟಲಿ,
ವಯಸ್ಸು ಎಣಿಸೋದು ಜನವರಿ ಒಂದರಿಂದ.

ಸುಣ್ಣದ ಕೈಯಲ್ಲೇ ಬಸ್ಸು ಹತ್ತಿ ಮನೆಗೆ ಬಂದೆ.
ಮಾರ್ಚ್ ಒಂಬತ್ತಂತೆ ಅಜ್ಜಿ, ಎರಡೂ ನಲವತ್ತಕ್ಕೆ.
ಅವಳು ಎಲೆಗೆ ಸುಣ್ಣ ಸವರುತ್ತಿದ್ದಳು,
ಬೆರಳು ನಿಲ್ಲಿಸಲಿಲ್ಲ.
ಆ ಮರಿ ಏನಾಯ್ತು ಅಂದಳು.
ಓಡ್ತಾ? ಗೆಲ್ತಾ?

ನಾನು ಮುಂದಿನ ಹಾಳೆ ತಿರುವಿರಲಿಲ್ಲ.